ಮೊದಲ ಖಾನೆ

ಕರಿಗುಡ್ಡದವರು ಗೋಡೆ ತಟ್ಟಿ ಬದುಕುವ ಜನ ಎಂದು ಸುತ್ತಲಿನ ಊರಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಏಪ್ರಿಲ್ ಬಂತೆಂದರೆ ಅದೇ ಜನ ನೆಂಟಸ್ತನದ ನೆಪ ತೆಗೆದು ಕರಿಗುಡ್ಡಕ್ಕೆ ಬಂದು ಎಂಟೆಂಟು ದಿನ ಉಳಿಯುತ್ತಿದ್ದರು. ಹೊರಗೆ ನಲವತ್ತೊಂಬತ್ತು ಡಿಗ್ರಿ ಬಿಸಿಲು ಕಾಯುವಾಗ ಒಳಗೆ ಮೂವತ್ತನಾಲ್ಕರಲ್ಲಿ ಕಾಲು ಚಾಚಿ ಮಲಗಬಹುದಾದ ಊರು ಆ ಸೀಮೆಯಲ್ಲಿ ಮತ್ತೊಂದಿರಲಿಲ್ಲ. ಮನೆ ತಂಪು ಮಾಡಿ ಓಣಿ ಬಿಸಿ ಮಾಡುತ್ತವೆಂದು ಏಸಿಗಳನ್ನೆಲ್ಲ ಸರಕಾರ ಎಂದೋ ಕೀಳಿಸಿತ್ತು.

ಕರಿಗುಡ್ಡದ ವ್ಯವಸ್ಥೆ ಅರ್ಥವಾಗದಂಥದ್ದೇನಲ್ಲ. ಗುಡ್ಡದ ನೆತ್ತಿಯಲ್ಲಿ ಹಾಸಿದ ಬಿಳಿ ತಗಡುಗಳು ರಾತ್ರಿಯಿಡೀ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತವೆ. ಅವುಗಳ ಅಡಿಯಲ್ಲಿ ಹರಿದ ನೀರು ಬೆಳಗಾಗುವಷ್ಟರಲ್ಲಿ ಬಂಡೆ ಕೊರೆದು ಮಾಡಿದ ತೊಟ್ಟಿಯಲ್ಲಿ ತುಂಬಿಕೊಳ್ಳುತ್ತದೆ. ಹಗಲು ಆ ನೀರು ಮನೆಮನೆಯ ಗೋಡೆಯೊಳಗಿನ ಸಣ್ಣ ಕೊಳವೆಗಳಲ್ಲಿ ಓಡಾಡಿ ಬಿಸಿಯನ್ನು ಹೊತ್ತುಕೊಂಡು ವಾಪಸಾಗುತ್ತದೆ. ತೊಟ್ಟಿ ದೊಡ್ಡದೇ, ಆದರೆ ಅಕ್ಷಯಪಾತ್ರೆಯಲ್ಲ. ಎಲ್ಲರಿಗೂ ಕೇಳಿದಷ್ಟು ಬಿಟ್ಟರೆ ಮಧ್ಯಾಹ್ನ ಎರಡಕ್ಕೇ ತಳ ಕಾಣುತ್ತದೆ. ಯಾವ ಮನೆಯ ಯಾವ ಕೋಣೆಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಎಂದು ನಿರ್ಧರಿಸಲು ಪುರಸಭೆಯ ಹಿಂದಿನ ಕಟ್ಟಡದಲ್ಲಿ ಒಂದು ಕಂಪ್ಯೂಟರ್ ಇತ್ತು.

ಆ ನಿರ್ಧಾರಗಳನ್ನು ಯಾರೂ ಅದಕ್ಕೆ ಬರೆದುಕೊಟ್ಟಿರಲಿಲ್ಲ. ಪ್ರತಿ ಕೋಣೆಯ ಗೋಡೆಯಲ್ಲಿ ಅಂಗೈ ಅಗಲದ ತಾಮ್ರದ ಬಿಲ್ಲೆ ಕೂರಿಸಿದ್ದರು. ಸೆಕೆಯಾದರೆ ಒಂದು ಸಲ ತಟ್ಟಬೇಕು, ಚಳಿಯಾದರೆ ಎರಡು ಸಲ. ಹನ್ನೊಂದು ಬೇಸಿಗೆ ಊರಿಗೆ ಊರೇ ಹೀಗೆ ತಟ್ಟಿ ತಟ್ಟಿ ಕಂಪ್ಯೂಟರಿಗೆ ಒಂದೊಂದು ಕೋಣೆಯ ಗುಣವನ್ನೂ ಕಲಿಸಿತ್ತು. ಯಾರ ಅಡುಗೆಮನೆಯಲ್ಲಿ ಹತ್ತೂವರೆಗೆ ಒಲೆ ಹೊತ್ತುತ್ತದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಮಧ್ಯಾಹ್ನ ಅಂಗಡಿಯಲ್ಲೇ ಮಲಗುತ್ತಾರೆ, ಎಲ್ಲ ಅದಕ್ಕೆ ಗೊತ್ತಿತ್ತು. ತಟ್ಟುವ ಕೈ ಯಾರದು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಇದನ್ನೇ ಹಿಡಿದು ಪೇಟೆ ಓಣಿಯ ಒಬ್ಬ ಮಹಾನುಭಾವ ಹೊಲಿಗೆ ಯಂತ್ರದ ಮೋಟಾರಿಗೆ ಚಮಚ ಕಟ್ಟಿ ದಿನವಿಡೀ ಗೋಡೆ ತಟ್ಟಿಸಿದ್ದ. ಆಮೇಲೆ ಎರಡು ಕಾಯಿದೆ ಬಂದವು. ಗಂಟೆಗೆ ಆರಕ್ಕಿಂತ ಹೆಚ್ಚು ತಟ್ಟಿದರೆ ಮಕ್ಕಳಾಟವೆಂದು ಬಿಟ್ಟುಬಿಡುವುದು ಒಂದು. ಕೋಣೆಯಲ್ಲಿ ಉಸಿರಾಡುವ ಜೀವವೇ ಇಲ್ಲದಿದ್ದರೆ ಅದರ ಪಾಲಿನ ನೀರನ್ನು ಬೇರೆ ಕೋಣೆಗೆ ಕೊಡುವುದು ಇನ್ನೊಂದು. ಉಸಿರು ನೋಡುವ ಕಣ್ಣನ್ನೂ ಬಿಲ್ಲೆಯೊಳಗೇ ಕೂರಿಸಿದರು.

ಈ ಕಂಪ್ಯೂಟರನ್ನು ಮೊದಲ ದಿನದಿಂದ ನೋಡಿಕೊಳ್ಳುತ್ತಿದ್ದವಳು ಹುಲಿಗೆಮ್ಮ. ವಯಸ್ಸು ನಲವತ್ತೊಂಬತ್ತು, ಮಾತು ಕಡಿಮೆ, ಸಿಟ್ಟು ಸ್ವಲ್ಪ ಜಾಸ್ತಿ. ಅವಳ ಸುಪರ್ದಿನಲ್ಲಿದ್ದ ಪೆಟ್ಟಿಗೆಯಲ್ಲಿ ಎಂಟು ಹಾರ್ಡ್ ಡಿಸ್ಕ್‌ಗಳು. ಊರಿನ ಏಳು ಓಣಿಗಳಿಗೆ ಏಳು. ಒಂದೊಂದರಲ್ಲೂ ಆಯಾ ಓಣಿಯ ಇಷ್ಟು ವರ್ಷದ ನೆನಪು. ಎಂಟನೆಯದು ಸಣ್ಣದು, ಯಾವ ಓಣಿಗೂ ಸೇರದ್ದು. ಎಲ್ಲವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಮ್ ಇದ್ದದ್ದು ಅದರಲ್ಲಿ.

ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಮೇ ಒಂದರಿಂದ ಕಂಪನಿಯ ಬೆಂಬಲ ಇರುವುದಿಲ್ಲ, ಹೊಸದನ್ನು ಹಾಕಿಕೊಳ್ಳತಕ್ಕದ್ದು ಎಂದು ಜಿಲ್ಲೆಯಿಂದ ಆದೇಶ ಬಂದದ್ದು ಡಿಸೆಂಬರಿನಲ್ಲಿ. ಪುರಸಭೆಯ ಮುಖ್ಯಾಧಿಕಾರಿ ಎರ್ರಿಸ್ವಾಮಿಯವರ ಮೇಜಿನ ಮೇಲೆ ಅದು ನಾಲ್ಕು ತಿಂಗಳು ವಿಶ್ರಾಂತಿ ಪಡೆದು, ಏಪ್ರಿಲ್ ಇಪ್ಪತ್ತೆಂಟಕ್ಕೆ ಹುಲಿಗೆಮ್ಮನ ಕೈಗೆ ಬಂತು. ರಾತ್ರಿ ತೊಟ್ಟಿ ತುಂಬುವ ಕೆಲಸ ನಿಲ್ಲಿಸುವಂತಿಲ್ಲ. ಬಿಸಿಲು ಏರುವ ಮೊದಲು, ಬೆಳಿಗ್ಗೆ ಹತ್ತರಿಂದ ಹತ್ತೂವರೆಯೊಳಗೆ ಮುಗಿಸಬೇಕು. ಕೆಲಸ ಹನ್ನೆರಡು ನಿಮಿಷದ್ದು. ಅಷ್ಟು ಹೊತ್ತು ಓಣಿಯ ಡಿಸ್ಕ್‌ಗಳು ಹಿಂದಿನ ದಿನದ ಪಟ್ಟಿ ನೋಡಿಕೊಂಡು ತಮ್ಮ ತಮ್ಮ ನೀರಿನ ಕವಾಟ ನಡೆಸಿಕೊಳ್ಳುತ್ತವೆ.

"ಗಾದಿಲಿಂಗಣ್ಣ, ಒತ್ತಲ್ಯಾ?" ಎಂದು ಮರುದಿನ ಹತ್ತಕ್ಕೆ ಕೇಳಿದಳು.

ಗಾದಿಲಿಂಗಪ್ಪ ಕಚೇರಿಯ ಅಟೆಂಡರು. ನಿವೃತ್ತಿಗೆ ಎರಡು ತಿಂಗಳಿತ್ತು. "ಒತ್ತ್ರಿ ಮೇಡಂ," ಎಂದು ಕೈ ಮುಗಿದ.

ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ತುಂಬಿತು. 'ಇನ್‌ಸ್ಟಾಲ್ ಯಶಸ್ವಿಯಾಗಿದೆ' ಎಂದಿತು. ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: 'ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ.'

ಈಗಷ್ಟೇ ಕೊಟ್ಟದ್ದನ್ನು ಎಲ್ಲಿಟ್ಟೆ ಎಂದು ಯಂತ್ರವನ್ನು ಬೈಯುವುದಾದರೂ ಹೇಗೆ? ಹುಲಿಗೆಮ್ಮ ಕಂಪನಿಗೆ ಫೋನು ಮಾಡಿದಳು. ಅತ್ತ ಕಡೆಯ ಹುಡುಗಿ ತುಂಬಾ ನಯವಾಗಿ, "ಹೌದಾ ಮೇಡಂ? ಇನ್ನೊಂದ್ಸಲ ಇನ್‌ಸ್ಟಾಲ್ ಮಾಡಿ ನೋಡಿ," ಎಂದಳು. ಮಾಡಿದಳು. ಹಸಿರು ಪಟ್ಟಿ, ಯಶಸ್ಸು, ಕಪ್ಪು ಪರದೆ. ಕೇಬಲ್ಲುಗಳನ್ನು ಒತ್ತಿ ನೋಡಿದಳು, ಸೆಟ್ಟಿಂಗ್‌ನಲ್ಲಿ ಯಾವ ಡಿಸ್ಕ್‌ನಿಂದ ಎಚ್ಚರಗೊಳ್ಳಬೇಕೆಂದು ಬರೆದಿದೆ ಎಂದು ನೋಡಿದಳು. ಸರಿಯಾಗಿಯೇ ಇತ್ತು: ಸಿಸ್ಟಮ್ ಡಿಸ್ಕ್. ಮತ್ತೆ ಫೋನು ಮಾಡಿದಳು. "ಮೂರನೇ ಸಲಕ್ಕೆ ಕೆಲವೊಮ್ಮೆ ಸರಿ ಹೋಗತ್ತೆ ಮೇಡಂ," ಎಂದಿತು ಆ ನಯವಾದ ದನಿ. ಮೂರನೇ ಸಲವೂ ಆಯಿತು. ಹನ್ನೊಂದು ಮುಕ್ಕಾಲು ಹೊಡೆದಿತ್ತು.

ಆಗ ಮನೆಯಿಂದ ಫೋನು ಬಂತು. ಹುಲಿಗೆಮ್ಮನ ಗಂಡ ಪಂಪಾಪತಿ ಕೆಲಸದ ಹೊತ್ತಿನಲ್ಲಿ ಫೋನು ಮಾಡುವವನಲ್ಲ. ಅವನು ಮೊದಲು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಆರು ವರ್ಷದ ಹಿಂದೆ ಮೇ ತಿಂಗಳ ನಡುಮಧ್ಯಾಹ್ನ ಕಂಬದ ಮೇಲೆಯೇ ಬಿಸಿಲು ಹೊಡೆದು ಬಿದ್ದವನು, ಎಂಟು ದಿನ ಪ್ರಜ್ಞೆಯಿಲ್ಲದೆ ಮಲಗಿ ಎದ್ದ. ಅಂದಿನಿಂದ ಅವನ ಮೈ ಬೆವರುವುದಿಲ್ಲ. ಮೂವತ್ತಮೂರು ಡಿಗ್ರಿಯ ಮೇಲೆ ಒಂದು ತಾಸು ಇದ್ದರೆ ಇನ್ನೊಮ್ಮೆ ಎಬ್ಬಿಸುವುದು ನನ್ನ ಕೈಯಲ್ಲಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅವನು ತಟ್ಟಿದ ಲೆಕ್ಕದಿಂದ ಕಂಪ್ಯೂಟರು ಅವರ ಮನೆಯ ಒಳಕೋಣೆಯನ್ನು ಮಾತ್ರ ಮೂವತ್ತರಲ್ಲಿಡಲು ಕಲಿತಿತ್ತು. ಆ ಒಂದು ಕೋಣೆಯಿಂದಾಗಿ ಅವನು ಆರು ಬೇಸಿಗೆ ಬದುಕಿದ್ದ.

"ಗ್ವಾಡಿ ಬೆಚ್ಚಗಾಗೈತಿ," ಎಂದ ಪಂಪಾಪತಿ.

"ಬಿಲ್ಲಿ ತಟ್ರಿ."

"ತಟ್ಟಿ ತಟ್ಟಿ ಕೈ ನೋಯಾಕತ್ತೈತಿ. ನಮ್ಮನಿ ಒಂದ ಅಲ್ಲ, ಇಡೀ ಕ್ವಾಟಿ ಓಣ್ಯಾಗ ಹಂಗ ಐತಂತ. ಹಿಂದಿನ ಶಾಂತಮ್ಮನ ಮನ್ಯಾಗ ಮಾತ್ರ ತಣ್ಣಗೈತಿ. ಇದೇನ್ ಮಾಯಾ?"

"ಈಗ ಎಷ್ಟೈತಿ?"

"ಮೂವತ್ತೆರಡೂವರಿ."

ಮೂವತ್ತಮೂರಕ್ಕೆ ಇನ್ನು ಅರ್ಧ ಡಿಗ್ರಿ. ಹುಲಿಗೆಮ್ಮನ ತಲೆ ಓಡತೊಡಗಿತು. ಶಾಂತಮ್ಮನ ಮನೆಗೂ ತಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಆದರೆ ಆ ಮನೆ ಪೇಟೆ ಓಣಿಗೆ ಸೇರಿದ್ದು. ಪೇಟೆ ಓಣಿಯ ಡಿಸ್ಕ್ ತನ್ನ ಪಟ್ಟಿ ಓದಿಕೊಂಡು ನೀರು ಬಿಡುತ್ತಿದೆ. ಕೋಟೆ ಓಣಿಯ ಡಿಸ್ಕ್‌ಗೆ ಪಟ್ಟಿ ಓದಲು ಬರುತ್ತಿಲ್ಲ. ಬೆಳಿಗ್ಗೆ ಓದುತ್ತಿದ್ದದ್ದು ಈಗ ಓದುತ್ತಿಲ್ಲವೆಂದರೆ ಈ ಎರಡು ತಾಸಿನಲ್ಲಿ ಯಾರೋ ಅದರ ಮೇಲೆ ಬೇರೇನನ್ನೋ ಬರೆದಿದ್ದಾರೆ. ಈ ಎರಡು ತಾಸಿನಲ್ಲಿ ಬರೆದದ್ದು ತಾನು, ಮೂರು ಸಲ.

"ಪೆಟ್ಟಿಗಿ ಬಿಚ್ಚಣ್ಣ," ಎಂದಳು.

ಗಾದಿಲಿಂಗಪ್ಪ ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದ. ಒಳಗೆ ಎಂಟು ಡಿಸ್ಕ್‌ಗಳು, ಒಂದೊಂದರ ಹಣೆಗೂ ವಿಭೂತಿಯ ಮೂರು ಗೆರೆ, ನಡುವೆ ಒಣಗಿದ ಕುಂಕುಮ. ಕಂಪನಿಯ ನಕ್ಷೆಯ ಪ್ರಕಾರ ಮೊದಲ ಖಾನೆಯಲ್ಲಿ ಸಿಸ್ಟಮ್ ಡಿಸ್ಕ್ ಇರಬೇಕು, ಕೋಟೆ ಓಣಿಯದು ಮೂರರಲ್ಲಿ. ಪೆಟ್ಟಿಗೆಯ ಮೊದಲ ಖಾನೆಯಲ್ಲಿ ಕೋಟೆ ಓಣಿ ಇತ್ತು. ಆಮೇಲೆ ಪೇಟೆ, ಗಾಣಿಗೇರಿ, ಕುಂಬಾರೇರಿ, ಹೊಸಕೇರಿ, ಸ್ಟೇಷನ್ ಓಣಿ, ಕ್ವಾರ್ಟರ್ಸ್. ಕಡೆಯ ಖಾನೆಯಲ್ಲಿ ಯಾವ ಓಣಿಗೂ ಸೇರದ ಆ ಸಣ್ಣ ಡಿಸ್ಕ್.

ಕಳೆದ ಆಯುಧಪೂಜೆಯ ದಿನ ಡಿಸ್ಕ್‌ಗಳನ್ನು ಹೊರಗೆ ತೆಗೆದು, ಒರೆಸಿ, ಬಾಳೆ ಎಲೆಯ ಮೇಲೆ ಸಾಲಾಗಿಟ್ಟು ಪೂಜೆ ಮಾಡಿದವನು ಗಾದಿಲಿಂಗಪ್ಪ. ಮತ್ತೆ ಒಳಗೆ ಕೂರಿಸಿದವಳು ಹುಲಿಗೆಮ್ಮ. ಕರಿಗುಡ್ಡದಲ್ಲಿ ಮದುವೆಯಿರಲಿ ಜಾತ್ರೆಯಿರಲಿ, ವೀಳ್ಯ ಕೊಡಲು ಒಂದು ಸಾಲಿದೆ. ಮೊದಲ ವೀಳ್ಯ ಕೋಟೆ ಓಣಿಗೆ, ಎರಡನೆಯದು ಪೇಟೆಗೆ, ಹೀಗೆ ಇಳಿಯುತ್ತ ಕಡೆಗೆ ನಿನ್ನೆ ಮೊನ್ನೆ ಬಂದ ಕ್ವಾರ್ಟರ್ಸಿಗೆ. ಊರಿನಲ್ಲಿ ಹುಟ್ಟಿದ ಮಗುವಿಗೂ ಆ ಸಾಲು ಬಾಯಿಪಾಠ. ಅಂದು ಅವಳು ನಕ್ಷೆ ನೋಡಿರಲಿಲ್ಲ. ಕೈಗೆ ಗೊತ್ತಿದ್ದ ಸಾಲಿನಲ್ಲಿ ಕೂರಿಸಿದ್ದಳು. ಯಾವ ಓಣಿಯೂ ಇಲ್ಲದ ಡಿಸ್ಕ್ ಕಡೆಗೆ ಉಳಿದಿತ್ತು, ಕಡೆಯ ಖಾನೆಗೆ ಹಾಕಿದ್ದಳು.

ಹಳೆಯ ಆಪರೇಟಿಂಗ್ ಸಿಸ್ಟಮ್ ಡಿಸ್ಕ್‌ಗಳನ್ನು ಹೆಸರಿನಿಂದ ಗುರುತಿಸುತ್ತಿತ್ತು. ಯಾರು ಎಲ್ಲಿ ಕೂತರೂ ಅದಕ್ಕೆ ಬೇಸರವಿರಲಿಲ್ಲ. ಏಳು ತಿಂಗಳು ಹಾಗೆಯೇ ನಡೆಯಿತು. ಹೊಸದನ್ನು ಹಾಕುವ ಪ್ರೋಗ್ರಾಮ್ ಹೆಸರು ನೋಡುವುದಿಲ್ಲ, ಖಾನೆ ಎಣಿಸುತ್ತದೆ. ಯಂತ್ರವನ್ನು ಎಚ್ಚರಿಸುವ ಸಣ್ಣ ತುಣುಕನ್ನು ಅದು ಮೊದಲ ಖಾನೆಯಲ್ಲಿದ್ದವರ ತಲೆಯ ಮೇಲೆ ಬರೆದುಬಿಡುತ್ತದೆ. ಯಂತ್ರ ಎದ್ದಾಗ ಆ ತುಣುಕನ್ನು ಹುಡುಕುವುದು ಸಿಸ್ಟಮ್ ಡಿಸ್ಕ್‌ನಲ್ಲಿ. ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲ ಎಂದು ಮತ್ತೆ ಹಾಕಿದಷ್ಟು ಸಲವೂ ಕೋಟೆ ಓಣಿಯ ಇನ್ನಷ್ಟು ಪುಟ ಅಳಿಯುತ್ತವೆ.

"ನಾ ಇಟ್ಟೆ ಅಂತ ಬರಸ್ರಿ ಮೇಡಂ," ಎಂದ ಗಾದಿಲಿಂಗಪ್ಪ. "ಎರಡು ತಿಂಗ್ಳಿಗೆ ಮನೀಗೆ ಹೋಗಾಂವ. ನನಗೇನ್ ಮಾಡ್ತಾರ?"

"ಪೆನ್ಶನ್ ನಿಲ್ಲಸ್ತಾರ. ಸುಮ್ನಿರಣ್ಣ. ನೀರಿನ ಟ್ಯಾಂಕರ್ ತಗೊಂಡು ಹೋಗಿ ಮೊದ್ಲು ನಮ್ಮನಿಯವರನ್ನ ಇಲ್ಲಿಗೆ ಕರ್ಕೊಂಡು ಬಾ. ತಲಿಗೆ ಹಸೀ ಟವೆಲ್ ಹಾಕ್ಸು."

ಯಂತ್ರದ ಕೋಣೆಗೆ ತೊಟ್ಟಿಯಿಂದ ನೇರ ಕೊಳವೆಯಿತ್ತು. ಊರು ಬೆಂದರೂ ಯಂತ್ರ ಬೇಯಬಾರದಲ್ಲ. ಅಲ್ಲಿ ಸದಾ ಇಪ್ಪತ್ತಾರು ಡಿಗ್ರಿ.

ಆಮೇಲೆ ಅವಳು ಎರ್ರಿಸ್ವಾಮಿಯವರ ಮುಂದೆ ನಿಂತು ಆದದ್ದನ್ನು ಆದ ಹಾಗೆ ಹೇಳಿದಳು. ಯಂತ್ರ ಆರಿಸಿ ಏಳೂ ಓಣಿಯ ಡಿಸ್ಕ್ ಹೊರಗೆ ತೆಗೆಯಬೇಕು. ಸಿಸ್ಟಮ್ ಡಿಸ್ಕ್ ಒಂದನ್ನೇ ಮೊದಲ ಖಾನೆಯಲ್ಲಿಟ್ಟು ಇನ್‌ಸ್ಟಾಲ್ ಮಾಡಬೇಕು. ಅದು ಎದ್ದು ಕೂತ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಬೇಕು. ನಲವತ್ತು ನಿಮಿಷ ಇಡೀ ಊರಿಗೆ ನೀರಿಲ್ಲ.

"ಕ್ವಾರ್ಟರ್ಸ್‌ದೂ ತಗೀಬೇಕ?" ಎಂದರು ಎರ್ರಿಸ್ವಾಮಿ. ಅವರ ಮನೆ ಇದ್ದದ್ದು ಅಲ್ಲೇ.

"ಅದೂ ತಗೀಬೇಕು ಸಾಹೇಬ್ರ."

"ಕ್ವಾಟಿ ಓಣೀದು ಹೆಂಗೂ ಕೆಟ್ಟೈತಿ. ಅದೊಂದು ತಗದ್ರ ಸಾಲಂಗಿಲ್ಲೇನು?"

"ಅದನ್ನ ತಗದ್ರ ಪೇಟೀದು ಮೊದಲನೇದಾಗ್ತೈತಿ. ಇದು ಪೇಟೀದನ್ನೂ ತಿಂತೈತಿ. ಈ ಪ್ರೋಗ್ರಾಮನ್ನ ನಾ ಇನ್ನೊಂದ್ ಸಲ ನಂಬಂಗಿಲ್ಲ. ಅದರ ಕಣ್ಣಿಗೆ ಒಂದ ಡಿಸ್ಕ್ ಬೀಳ್ಬೇಕು."

ಎರ್ರಿಸ್ವಾಮಿಯವರು ಕಿಟಕಿಯ ಹೊರಗೆ ನೋಡಿದರು, ಗಡಿಯಾರ ನೋಡಿದರು, ಫೋನು ನೋಡಿದರು. ಅವುಗಳಲ್ಲಿ ಯಾವುದೂ ಅವರ ಪರವಾಗಿ ಸಹಿ ಮಾಡುವಂತಿರಲಿಲ್ಲ. ಕಡೆಗೆ ಹೂಂ ಅಂದರು.

ಪುರಸಭೆಯ ಆಟೋ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿತು. ಜನ ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದರು. ಕೂಸುಗಳನ್ನು ಬಚ್ಚಲಿಗೆ ಒಯ್ದರು. ಸ್ಟೇಷನ್ ಓಣಿಯಲ್ಲಿ ಇಬ್ಬರು ಮುದುಕರಿಗೆ ತಲೆಸುತ್ತು ಬಂತು, ಆಸ್ಪತ್ರೆಗೆ ಸೇರಿಸಿದರು, ಸಂಜೆಗೆ ಎದ್ದು ಕೂತರು. ಯಂತ್ರದ ಕೋಣೆಯಲ್ಲಿ ಇದಾವುದೂ ಕೇಳಿಸುತ್ತಿರಲಿಲ್ಲ. ಹುಲಿಗೆಮ್ಮ ಡಿಸ್ಕ್‌ಗಳನ್ನು ತೆಗೆದು ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟಳು. ಪಂಪಾಪತಿ ಅವಳ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಸಿ ಟವೆಲ್ಲು ಹೊದ್ದು ಕೂತಿದ್ದ. ಮುಖ ಕೆಂಪೇರಿತ್ತು, ಮಾತು ನೆಟ್ಟಗಿತ್ತು. ಅವನನ್ನು ಕಂಡು ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ನೀರು ಕುಡಿದಿರೋ ಇಲ್ಲವೋ ಎಂದು ಗದರಿದಳು.

ಈ ಸಲ ಕಪ್ಪು ಪರದೆ ಬರಲಿಲ್ಲ. ಹನ್ನೆರಡು ನಿಮಿಷಕ್ಕೆ ನೀಲಿ ಪರದೆ ಬಂದು 'ಕರಿಗುಡ್ಡ ಪುರಸಭೆಗೆ ಸ್ವಾಗತ' ಎಂದಿತು. ಪೇಟೆಯ ಡಿಸ್ಕ್ ಕೂರಿಸಿದಳು: 'ಮುನ್ನೂರ ನಲವತ್ತು ಮನೆ, ಸಿದ್ಧ.' ಗಾಣಿಗೇರಿ ಸಿದ್ಧ. ಕುಂಬಾರೇರಿ ಸಿದ್ಧ. ಒಂದು ಗಂಟೆಯ ಹೊತ್ತಿಗೆ ಆರು ಓಣಿಯ ಕೊಳವೆಗಳಲ್ಲಿ ನೀರು ಓಡುತ್ತಿತ್ತು. ಕಡೆಗೆ ಕೋಟೆ ಓಣಿಯದನ್ನು ಮೂರನೇ ಖಾನೆಗೆ ಹಾಕಿದಳು.

'ಗುರುತು ಸಿಗದ ಡಿಸ್ಕ್. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಲೇ? ಹೌದು. ಬೇಡ.'

ಫೋನು ಮಾಡಿ ಓದಿ ಹೇಳಿದರೆ ಕಂಪನಿಯ ಹುಡುಗಿ ಈ ಸಲ ನಯ ಮರೆತು ಕೂಗಿಯೇಬಿಟ್ಟಳು. "ಹೌದು ಒತ್ತಬೇಡಿ ಮೇಡಂ! ಡೇಟಾ ಎಲ್ಲಾ ಒಳಗೇ ಇದೆ, ಮುಂದಿನ ಪುಟಗಳಷ್ಟೇ ಹೋಗಿರೋದು. ನಮಗೆ ಕಳಿಸಿಕೊಡಿ, ಮುಕ್ಕಾಲು ಪಾಲು ತೆಗೆದುಕೊಡ್ತೀವಿ."

"ಎಷ್ಟು ದಿನ?"

"ಒಂಬತ್ತು."

ಬೇರೆ ಡಿಸ್ಕ್ ಇದ್ದಿದ್ದರೆ ಯೋಚನೆಯೇ ಇರಲಿಲ್ಲ. ಒಂದು ಇತ್ತು, ಎರಡು ವರ್ಷದ ಹಿಂದೆ ಕ್ವಾರ್ಟರ್ಸ್ ಕಟ್ಟಿದಾಗ ಅದಕ್ಕೆ ಕೊಟ್ಟರು. ಇನ್ನೊಂದು ಬೇಕೆಂದು ಹುಲಿಗೆಮ್ಮ ಮೂರು ಸಲ ಬರೆದಿದ್ದಳು. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡುವ ಕಚೇರಿ ಅದು. ಓಣಿಯ ಬಾಯಲ್ಲಿ ಕೈಯಿಂದ ತಿರುಗಿಸುವ ಚಕ್ರವೂ ಇತ್ತು, ಆದರೆ ಅದಕ್ಕೆ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು ಎರಡೇ ಗೊತ್ತು. ಕೋಟೆ ಓಣಿಗೆ ಪೂರ್ತಿ ತೆರೆದರೆ ನಾಲ್ಕು ಗಂಟೆಗೆ ಊರಿಗೆಲ್ಲ ತೊಟ್ಟಿ ಖಾಲಿ. ಹೌದು ಒತ್ತಿದರೆ ಡಿಸ್ಕ್ ಬರಿದಾಗಿ ಈಗಲೇ ಕೆಲಸ ಶುರು ಮಾಡುತ್ತದೆ. ಏನೂ ಗೊತ್ತಿಲ್ಲದ ಡಿಸ್ಕ್ ಎಲ್ಲ ಕೋಣೆಗೂ ಸಮನಾಗಿ ನೀರು ಹಂಚುತ್ತದೆ. ಎಲ್ಲರ ಮನೆಯೂ ಮೂವತ್ತಾರಕ್ಕೆ ನಿಲ್ಲುತ್ತದೆ.

"ಏನಂತೈತಿ ಅದು?" ಎಂದ ಪಂಪಾಪತಿ ಹಿಂದಿನಿಂದ.

ಹೇಳಿದಳು.

"ಅಂದ್ರ ನಮ್ಮ ಒಳಕ್ವಾಣಿದು ಹೋಗ್ತೈತಿ."

"ಹೋಗ್ತೈತಿ."

"ಮತ್ತ ಕಲಿತೈತೇನು?"

"ತಟ್ಟಿದ್ರ ಕಲಿತೈತಿ."

ಪಂಪಾಪತಿ ಟವೆಲ್ಲು ತಿರುವಿ ಹಾಕಿಕೊಂಡ. "ಓಣ್ಯಾಗ ಹನ್ನೊಂದು ಕೂಸು ಅದಾವ," ಎಂದ. "ಒತ್ತು."

ಬೇಡ ಎನ್ನುವ ಕಡೆಗೆ ಅವಳ ಮನಸ್ಸು ಎಳೆಯಿತು, ಸುಳ್ಳು ಹೇಳಬಾರದು. ಒಂಬತ್ತು ದಿನ ಅವನನ್ನು ಇಲ್ಲೇ ಕುರ್ಚಿಯಲ್ಲಿ ಕೂರಿಸಿಕೊಂಡರೆ ಆಮೇಲೆ ಅವನ ಕೋಣೆ ಅವನಿಗೆ ಸಿಗುತ್ತದೆ. ಆದರೆ ಮುನ್ನೂರ ಹನ್ನೆರಡು ಮನೆಯವರು ಒಂಬತ್ತು ದಿನ ಎಲ್ಲಿ ಕೂರಬೇಕು? ಅವರ ಪಟ್ಟಿ ಅಳಿಸಿದವಳು ತಾನೇ. ಹುಲಿಗೆಮ್ಮ ಹೌದು ಒತ್ತಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಹನ್ನೊಂದು ಬೇಸಿಗೆಯ ನೆನಪಿಗೆ ಅಷ್ಟೂ ಹಿಡಿಯಲಿಲ್ಲ.

ಸಂಜೆ ಅವಳು ಕೋಟೆ ಓಣಿಯ ಕಟ್ಟೆಯ ಹತ್ತಿರ ನಿಂತು ತಪ್ಪು ಒಪ್ಪಿಕೊಂಡಳು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದಳು. ಎರಡು ತಿಂಗಳ ಕೂಸನ್ನು ಎತ್ತಿಕೊಂಡಿದ್ದ ಪಕ್ಕದ ಮನೆಯ ಈರಮ್ಮ ಒಂದಿಷ್ಟು ಬೈದಳು ಕೂಡ. ಆದರೆ ಓಣಿಯ ಹಿರಿಯ ದೊಡ್ಡಬಸಪ್ಪ ಕೈಯೆತ್ತಿ ಅವಳನ್ನು ತಡೆದ.

"ಕ್ವಾಟಿ ಓಣಿ ಮೊದಲು ಇಟ್ಟದ್ದು ತಪ್ಪೇನವ್ವಾ? ಮೊದಲ ಇಡಬೇಕು. ತಿಳೀದ ಯಂತ್ರದ್ದು ತಪ್ಪು." ಆಮೇಲೆ ಒಂದು ಅನುಮಾನ ಬಂದಂತೆ ಕೇಳಿದ, "ಈಗ ನಮ್ಮದು ಎಷ್ಟನೇದೈತಿ?"

"ಮೂರನೇದು, ಅಜ್ಜ."

ಕಟ್ಟೆಯ ಮೇಲಿದ್ದವರನ್ನು ಅಂದಿನ ಬಿಸಿಲಿಗಿಂತ ಆ ಮಾತೇ ಹೆಚ್ಚು ಸುಟ್ಟ ಹಾಗಿತ್ತು. "ಎರಡನೇದು ಯಾರು?" ಎಂದ ದೊಡ್ಡಬಸಪ್ಪ ಕಡೆಗೆ. ಪೇಟೆಯವರು ಎಂದು ಹೇಳುವ ಧೈರ್ಯ ಹುಲಿಗೆಮ್ಮನಿಗೆ ಆಗಲಿಲ್ಲ. ಸಾಲು ನೋಡಿ ಹೇಳ್ತೀನಿ ಎಂದು ಮನೆಗೆ ಬಂದಳು.

ಅವಳು ಬರೆದ ವರದಿಯನ್ನು ಎರ್ರಿಸ್ವಾಮಿಯವರು ಎರಡು ಸಲ ಓದಿದರು. ಪೂಜೆ ಎಂದು ಬರೆದರೆ ಊರು ಸುಮ್ಮನಿರುವುದಿಲ್ಲ, ಪ್ರೋಗ್ರಾಮ್ ಎಂದು ಬರೆದರೆ ಕಂಪನಿ ಸುಮ್ಮನಿರುವುದಿಲ್ಲ, ಡಿಸ್ಕ್ ಇರಲಿಲ್ಲ ಎಂದು ಬರೆದರೆ ತಾವು ಸುಮ್ಮನಿರುವಂತಿಲ್ಲ. 'ನನ್ನ ಕೈತಪ್ಪಿನಿಂದ' ಎಂದು ಅವಳೇ ಬರೆದುಕೊಟ್ಟದ್ದು ಅವರಿಗೆ ಅನುಕೂಲವಾಯಿತು. ಒಂದು ಇನ್‌ಕ್ರಿಮೆಂಟ್ ಕಡಿತ ಮಾಡಿದರು. ಅವಳು ಹದಿನೈದು ದಿನ ರಜೆ ಕೇಳಿದಳು, ಜೊತೆಗೆ ಒಂದು ವಿಚಿತ್ರವಾದ ಅನುಮತಿ. ಎರಡಕ್ಕೂ ಸಹಿ ಹಾಕಿದರು.

ಅನುಮತಿ ಏನೆಂದರೆ, ಹಗಲು ಹನ್ನೊಂದರಿಂದ ಐದರವರೆಗೆ ಪಂಪಾಪತಿ ಯಂತ್ರದ ಕೋಣೆಯಲ್ಲಿ ಕೂರುವುದು. ಮೂವತ್ತಾರರ ಕೋಣೆಯಲ್ಲಿ ಅವನನ್ನು ಬಿಡುವಂತಿರಲಿಲ್ಲ. ಆದರೆ ಅವನು ಹೀಗೆ ಎದ್ದು ಹೋದರೆ ಹೊಸ ಡಿಸ್ಕ್ ಏನು ಕಲಿಯುತ್ತದೆ? ಈ ಮನೆಯ ಒಳಕೋಣೆ ಮಧ್ಯಾಹ್ನ ಖಾಲಿ, ಇದಕ್ಕೆ ನೀರು ದಂಡ ಎಂದು ಕಲಿಯುತ್ತದೆ. ಒಂದು ಸಲ ಹಾಗೆ ಕಲಿತರೆ ಆ ಕೋಣೆ ನಲವತ್ತಕ್ಕೆ ಹೋಗುತ್ತದೆ, ಪಂಪಾಪತಿ ಬೇಸಿಗೆಯಲ್ಲಿ ಮತ್ತೆಂದೂ ತನ್ನ ಮನೆಯಲ್ಲಿ ಹಗಲು ಕಳೆಯುವಂತಿಲ್ಲ. ಸೆಕೆ ಉಂಡವರ ಮಾತು ಮಾತ್ರ ಅದಕ್ಕೆ ಅರ್ಥವಾಗುವುದು. ಅವನ ಬದಲಿಗೆ ಯಾರಾದರೂ ಉಣ್ಣಬೇಕು. ಮಾಡಿದ್ದುಣ್ಣೋ ಮಹರಾಯ ಎಂದು ಹುಲಿಗೆಮ್ಮ ಸೆರಗು ಸಿಕ್ಕಿಸಿ ಒಳಕೋಣೆಯಲ್ಲಿ ಕೂತಳು.

ಹತ್ತು ನಿಮಿಷಕ್ಕೊಮ್ಮೆ ಒಂದು ತಟ್ಟು, ಗಂಟೆಗೆ ಆರು. ಹೆಚ್ಚು ತಟ್ಟಿದರೆ ಮಕ್ಕಳಾಟ, ಕಡಿಮೆ ತಟ್ಟಿದರೆ ಸೆಕೆ ಅಷ್ಟೇನಿಲ್ಲ ಎಂದು ಅದಕ್ಕೆ ಅನ್ನಿಸಬಹುದು. ಎದ್ದು ಹೊರಗೆ ಹೋಗುವಂತಿಲ್ಲ, ಉಸಿರು ಕೋಣೆಯಲ್ಲೇ ಇರಬೇಕು. ಮೊದಲ ದಿನ ಮೂವತ್ತಾರೂವರೆ. ಸೀರೆ ಮೈಗಂಟಿತು, ಮಜ್ಜಿಗೆಯ ಚೊಂಬು ಎರಡು ಸಲ ಖಾಲಿಯಾಯಿತು. ಎರಡನೇ ದಿನವೂ ಅಷ್ಟೇ. ಮಲಗಿದರೆ ತಟ್ಟುವುದು ತಪ್ಪುತ್ತದೆಂದು ಮಲಗಲಿಲ್ಲ. ತನ್ನ ಮೈ ಬೆವರುತ್ತದೆ, ಅವನದು ಬೆವರುವುದಿಲ್ಲ ಎಂಬುದನ್ನು ಅವಳು ಆರು ವರ್ಷದಿಂದ ಬಲ್ಲಳು. ಅದರ ಅರ್ಥವೇನೆಂದು ಈಗ ಮೈಗೆ ತಿಳಿದು ಅವಳಿಗೆ ಅಳು ಬಂತು. ಅಳುತ್ತಲೇ ಬಿಲ್ಲೆ ತಟ್ಟಿದಳು.

ಅತ್ತ ಪಂಪಾಪತಿ ದಿನಾ ಭೇಟಿಗಾರರ ಪುಸ್ತಕದಲ್ಲಿ ಸಹಿ ಮಾಡಿ, ಬಂದ ಕಾರಣ ಎಂಬಲ್ಲಿ 'ಸೆಕೆ' ಎಂದು ಬರೆದು ಯಂತ್ರದ ಮುಂದೆ ಕೂರುತ್ತಿದ್ದ. ಮೀಟರು ಓದಿ ಬದುಕಿದವನು. ಎರಡೇ ದಿನದಲ್ಲಿ ಗಾದಿಲಿಂಗಪ್ಪನಿಗೇ ಪರದೆ ಓದುವುದನ್ನು ಹೇಳಿಕೊಡತೊಡಗಿದ. ಕೋಟೆ ಓಣಿ, ನಲವತ್ತೇಳನೇ ಮನೆ, ಒಳಕೋಣೆ. ಹೆಂಡತಿ ತಟ್ಟಿದಾಗಲೆಲ್ಲ ಅಲ್ಲೊಂದು ಚುಕ್ಕೆ ಬೀಳುತ್ತಿತ್ತು. ತಾಸಿಗೊಮ್ಮೆ ಫೋನು ಮಾಡಿ ಸಂಖ್ಯೆ ಹೇಳುತ್ತಿದ್ದ.

"ಮೂವತ್ತಾರು."

"ನನಗೂ ಗೊತ್ತಾಗೈತಿ," ಎನ್ನುತ್ತಿದ್ದಳು ಅವಳು.

ನಾಲ್ಕನೇ ದಿನ ಮೂವತ್ತೈದೂವರೆ ಎಂದ. ಆರನೇ ದಿನ ಮೂವತ್ತನಾಲ್ಕು. ಏಳನೇ ದಿನ ಈರಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಅಕ್ಕಾ, ನಮ್ಮ ಗ್ವಾಡಿ ನಿನ್ನಿಕಿಂತ ಸ್ವಲ್ಪ ಬೆಚ್ಚಗೈತಿ. ನಿಮ್ಮ ಕಡೀಗೆ ಹೋಗಾಕತ್ತೈತೇನು?"

ಹೋಗುತ್ತಿದ್ದದ್ದು ನಿಜ. ತೊಟ್ಟಿಯ ನೀರು ಇದ್ದಷ್ಟೇ. ಇಲ್ಲಿಗೆ ಬಂದದ್ದು ಉಳಿದ ಮುನ್ನೂರ ಹನ್ನೊಂದು ಮನೆಯಿಂದ ಒಂದೊಂದು ಹನಿಯಾಗಿಯೇ ಬರಬೇಕು. "ಹೌದು ಈರಮ್ಮ," ಎಂದಳು ಹುಲಿಗೆಮ್ಮ.

ಈರಮ್ಮ ಒಳಗೆ ಇಣುಕಿದಳು. ಬೆವರಿನಲ್ಲಿ ತೊಯ್ದು ಕೂತ ಹೆಂಗಸನ್ನು, ಮಜ್ಜಿಗೆಯ ಚೊಂಬನ್ನು, ಖಾಲಿ ಮಂಚವನ್ನು ನೋಡಿದಳು. "ಪಂಪಣ್ಣ ಮನೀಗೆ ಬಂದು ಬೀಳ್ಲಿ ಮೊದ್ಲು," ಎಂದಳು. "ಆಮ್ಯಾಲ ನಾನೂ ತಟ್ತೀನಿ, ಬಿಡಂಗಿಲ್ಲ ಮತ್ತ."

ಒಂಬತ್ತನೇ ದಿನ ಊಟವಾದ ಮೇಲೆ ಹುಲಿಗೆಮ್ಮ ಎಂದಿನಂತೆ ಗೋಡೆಗೆ ಒರಗಿ ಕೂತಳು. ಒಂದೂವರೆಗೆ ತಟ್ಟಿದಳು. ಒಂದು ನಲವತ್ತಕ್ಕೆ ತಟ್ಟಿದಳು. ಒಂದು ಐವತ್ತಕ್ಕೆ ತಟ್ಟಿದ ನೆನಪಿತ್ತು.

ಎಚ್ಚರವಾದಾಗ ಗಡಿಯಾರದಲ್ಲಿ ಐದು ಹತ್ತು. ಅವಳು ನೆಲದ ಮೇಲೆ ಮಗ್ಗುಲಾಗಿ, ಮೊಣಕಾಲು ಎದೆಗೆ ಸೇರಿಸಿಕೊಂಡು ಮಲಗಿದ್ದಳು. ಮೂರು ತಾಸು ತಟ್ಟಿಲ್ಲ ಎಂದು ಹೌಹಾರಿ ಎದ್ದಳು. ಒಂಬತ್ತು ದಿನದ ದುಡಿತ ನೀರಿನಲ್ಲಿ ಹೋಮವಾಯಿತೆಂದು ತಲೆ ಚಚ್ಚಿಕೊಂಡಳು. ಫೋನು ನೋಡಿದರೆ ಅವನದು ಒಂದು ಕರೆಯೂ ಇಲ್ಲ. ಭಯ ಹೋಗಿ ಸಿಟ್ಟು ಬಂತು. ತಾನೇ ಮಾಡಿದಳು.

"ತಟ್ಟಿಲ್ಲ ನಾನು. ಮಲಗಿಬಿಟ್ನಿ. ನೋಡ್ಕೊಂತ ಕುಂತವರು ಒಂದು ಫೋನ್ ಮಾಡಬಾರದ?"

"ಎರಡಕ್ಕ ಚುಕ್ಕಿ ನಿಂತದ್ದು ನೋಡಿ ಎದ್ದು ಹೊಂಟಿದ್ನಿ," ಎಂದ ಪಂಪಾಪತಿ. "ಗಾದಿಲಿಂಗ ಲುಂಗಿ ಹಿಡ್ಕೊಂಡ. ಈ ಬಿಸಿಲಾಗ ನೀ ಹೋದ್ರ ಇಬ್ರನ್ನೂ ನಾ ಹೊರಬೇಕಾಗ್ತೈತಿ ಅಂದ. ಆಮ್ಯಾಲ ನಂಬರ್ ನೋಡಿದ್ನಿ. ಮೂವತ್ತೊಂದು ಇತ್ತು. ಉಸಿರಿಂದು ಗೀಟು ಸಣ್ಣಗ, ಒಂದ ಸಮ ಓಡಾಕತ್ತಿತ್ತು. ತಂಪಿಗೆ ಕಣ್ಣು ಹತ್ತ್ಯಾವ ಅಂತ ತಿಳೀತು."

ಅಂಗಾಲು ತಣ್ಣಗಿದ್ದದ್ದು ಆಗ ಹುಲಿಗೆಮ್ಮನ ಗಮನಕ್ಕೆ ಬಂತು.

"ಎಬ್ಬಿಸಿದ್ರ ಮತ್ತ ಎದ್ದು ತಟ್ಟಾಕ ಕುಂದರ್ತಿದ್ದಿ," ಎಂದ ಅವನು. "ಮೂರು ತಾಸು ನೀ ಉಸಿರಾಡೋದನ್ನ ನೋಡ್ಕೊಂತ ಕುಂತೀನಿ. ಗಾದಿಲಿಂಗ ಎರಡು ಸಲ ಚಾ ತಂದ, ಎರಡೂ ಆರಿ ಹೋದ್ವು." ಆಮೇಲೆ ಕೇಳಿದ, "ಬಿಸಿಲು ಇಳದೈತಿ. ನಾಳಿಂದ ಮನ್ಯಾಗ ಇರಬಹುದೇನು?"

ಅವಳು ಉತ್ತರ ಹೇಳುವ ಮೊದಲು ಎರಡು ಸಲ ಸೀನಿದಳು.

"ಬರ್ರಿ," ಎಂದಳು. "ಕಂಬಳಿ ಅಟ್ಟದ ಮ್ಯಾಲೈತಿ. ನನಗ ಎಟಕಂಗಿಲ್ಲ, ಬಂದು ತಗದು ಕೊಡ್ರಿ."